ಕುಯಿಕಾಕ್ಕೆ ಎಣ್ಣೆಸ್ನಾನ

ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಖಾತೆ ನನ್ನದು. ನಾಚಿಕೆಯಿಂದ ಹೇಳುತ್ತಿಲ್ಲ, ಕೊಂಚ ಜಂಬದಿಂದಲೇ ಹೇಳುತ್ತಿದ್ದೇನೆ. ತೊಳೆದ ಸ್ಟೀಲ್ ತಟ್ಟೆಯ ಮೇಲೆ ಒದ್ದೆ ಹೆಬ್ಬೆರಳು ಒತ್ತಿ ಎಳೆಯುತ್ತೇನೆ. ‘ಕಿರ್’ ಅಂದರೆ ತಟ್ಟೆ ಪಾಸು. ಜಾರಿದರೆ ಫೇಲು, ಮತ್ತೆ ಸೋಪು. ಸಿಂಗಾಪುರದ ಟೋವಾ ಪಾಯೋದ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಈ ಪರೀಕ್ಷೆ ದಿನಾ ರಾತ್ರಿ ಊಟವಾದ ಮೇಲೆ ನಡೆಯುತ್ತದೆ.

“ಅದೇನ್ರೀ ದಿನಾ ತಟ್ಟೆ ಜೊತೆ ಸಂಗೀತ? ಹಲ್ಲು ಜುಮ್ ಅನ್ನತ್ತೆ,” ಎಂದು ಮೈಸೂರಿನವಳಾದ ನನ್ನ ಹೆಂಡತಿ ಹಾಲ್‌ನಿಂದ ಗದರುತ್ತಾಳೆ.

“ಅಪ್ಪಾ, ಸ್ಟಾಪ್ ಲಾ! ನಂಗೆ ಓದಕ್ಕೆ ಆಗ್ತಿಲ್ಲ!” ಇದು ಮಗಳು.

ನಾನು ನಿಲ್ಲಿಸುವುದಿಲ್ಲ. ಆ ಒಂದು ‘ಕಿರ್’ ಕೇಳಿದರೆ ನನಗೆ ಒಟ್ಟಿಗೇ ಎರಡು ಬಚ್ಚಲುಮನೆಗಳು ನೆನಪಾಗುತ್ತವೆ. ಒಂದು ಉಡುಪಿಯದು. ಇನ್ನೊಂದು ತೊಂಬತ್ತರ ದಶಕದ ನಡುವೆ ನಾನು ಬಾಡಿಗೆಗಿದ್ದ ಜುರಾಂಗ್ ಈಸ್ಟ್ ಫ್ಲ್ಯಾಟಿನದು. ಎರಡನೆಯದರಲ್ಲಿ ನಾನು ಒಂದು ಡೋಲಿಗೆ ಸ್ನಾನ ಮಾಡಿಸಿದ್ದೇನೆ. ನಗಬೇಡಿ, ನಿಜವಾಗಿ ಮಾಡಿಸಿದ್ದೇನೆ.

ಮೊದಲು ಉಡುಪಿಯ ವಿಷಯ ಮುಗಿಸುತ್ತೇನೆ, ಇಲ್ಲದಿದ್ದರೆ ನನ್ನ ಮೂರ್ಖತನಕ್ಕೆ ಸಮಜಾಯಿಷಿ ಸಿಗುವುದಿಲ್ಲ. ಅಪ್ಪನಿಗೆ ಅಲ್ಲಿ ಸೈಕಲ್ ಅಂಗಡಿಯಿತ್ತು. ಈ ಲೋಕದಲ್ಲಿ ಯಾವುದು ಕಿರುಗುಟ್ಟಿದರೂ ಅಪ್ಪನ ತೀರ್ಪು ಒಂದೇ. “ಅದು ಎಣ್ಣೆ ಕೇಳ್ತಾ ಉಂಟು, ಕೊಡಿ.” ಬಾಗಿಲು, ತೊಟ್ಟಿಲು, ಬಾವಿಯ ರಾಟೆ, ಯಾವುದಾದರೂ ಸರಿ. ಒಮ್ಮೆ ನಮ್ಮ ಲೆಕ್ಕದ ಮಾಸ್ಟ್ರು ಹೊಸ ಚಪ್ಪಲಿ ಮೆಟ್ಟಿಕೊಂಡು ಕಿರ್ ಕಿರ್ ಎನ್ನುತ್ತಾ ಅಂಗಡಿಯ ಮುಂದೆ ಹಾದುಹೋದರು. ಅಪ್ಪ ಅವರನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿ ಚಪ್ಪಲಿಗೂ ಎರಡು ಹನಿ ಬಿಟ್ಟರು. ಮರುದಿನ ಮಾಸ್ಟ್ರು ಸದ್ದೇ ಇಲ್ಲದೆ ತರಗತಿಯ ಬಾಗಿಲಿಗೆ ಬಂದು ನಿಂತಾಗ ನಾನು ಬೆಂಚಿನ ಮೇಲೆ ಹತ್ತಿ ಅವರ ನಡಿಗೆಯನ್ನೇ ಅಣಕಿಸುತ್ತಿದ್ದೆ. ಆ ಎರಡು ಹನಿ ಎಣ್ಣೆಯ ಉರಿ ನನ್ನ ಅಂಗೈಯಲ್ಲಿ ಎರಡು ದಿನ ಇತ್ತು.

ಅಮ್ಮನದು ವಿರೋಧ ಪಕ್ಷ. ಶನಿವಾರ ನನಗೆ ಎಣ್ಣೆಸ್ನಾನ. ಹಂಡೆಯ ಬಿಸಿನೀರು, ಮಣೆ, ಕಣ್ಣಿಗೆ ಇಳಿಯುವ ಸೀಗೆಪುಡಿ, ನನ್ನ ಬೊಬ್ಬೆ. ಎಲ್ಲ ಆದಮೇಲೆ ಅಮ್ಮ ನನ್ನ ಒದ್ದೆ ಕೂದಲಿನ ಒಂದು ಎಳೆ ಹಿಡಿದು ಹೆಬ್ಬೆರಳು ತೋರುಬೆರಳಿನ ನಡುವೆ ಬುಡದಿಂದ ತುದಿಗೆ ಎಳೆಯುತ್ತಿದ್ದಳು. ಎಣ್ಣೆ ಉಳಿದಿದ್ದರೆ ಬೆರಳು ಸುಮ್ಮನೆ ಜಾರುತ್ತಿತ್ತು. “ಕಿರ್ ಅಂತಾ ಇಲ್ಲ ಮಾರಾಯ. ಇನ್ನೊಂದು ಸುತ್ತು.” ಮತ್ತೆ ಸೀಗೆ, ಮತ್ತೆ ಬೊಬ್ಬೆ. ಕೊನೆಗೊಮ್ಮೆ ಕೂದಲು ‘ಕಿರ್’ ಅಂದರೆ ಬಿಡುಗಡೆ. ಹಾಗಾಗಿ ಆ ಶಬ್ದ ಅಪ್ಪನಿಗೆ ಕೊರತೆ, ಅಮ್ಮನಿಗೆ ಶುದ್ಧಿ. ನಾನು ಇವರಿಬ್ಬರ ಮಗ.

ದೊಡ್ಡವನಾದ ಮೇಲೆ ಅಪ್ಪನ ಪಕ್ಷಕ್ಕೇ ಸೇರಿದೆ. ಡಿಪ್ಲೊಮಾ ಓದಿ ಸಿಂಗಾಪುರಕ್ಕೆ ಬಂದವನಿಗೆ ಉಬಿ ಬಡಾವಣೆಯ ಒಂದು ವರ್ಕ್‌ಶಾಪಿನಲ್ಲಿ ಬೇರಿಂಗು, ರೋಲರು ರಿಪೇರಿ ಮಾಡುವ ಕೆಲಸ ಸಿಕ್ಕಿತು. ಕಿರುಗುಟ್ಟುವುದನ್ನು ನಿಲ್ಲಿಸುವುದೇ ನನ್ನ ಹೊಟ್ಟೆಪಾಡಾಯಿತು. ಮನೆ ಮಾತ್ರ ಊರಿನ ಇನ್ನೊಂದು ತುದಿಯ ಜುರಾಂಗ್ ಈಸ್ಟಿನಲ್ಲಿ. ಎರಡು ರೂಮಿನ ಆ ಫ್ಲ್ಯಾಟಿನ ಒಂದು ರೂಮು ನನಗೆ ಸಿಕ್ಕಿತ್ತು. ಇನ್ನೊಂದಕ್ಕೆ ಶಿಪ್‌ಯಾರ್ಡಿನ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಒಬ್ಬ ಬರುತ್ತಾನೆಂದು ಮಾಲೀಕರು ಹೇಳಿದ್ದರು. ಯಾರೋ ಕೇರಳದವನಿರಬೇಕು, ಮೀನು ಹುರಿಯುತ್ತಾನೆ, ಹೊಂದಿಕೊಳ್ಳಬೇಕು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಬಂದವನು ಬ್ರೆಜಿಲ್ಲಿನವನು. ವಾಲ್ದಿರ್ ಅಂತ ಹೆಸರು. ಆರಡಿ ಎತ್ತರ, ಅಂಗೈ ಮೊರದಷ್ಟು ಅಗಲ, ಮಾತು ಮಾತ್ರ ತೀರಾ ಮೆಲ್ಲಗೆ. ನನ್ನ ಹೆಸರಿನ ಕೊನೆಯ ‘ರಾವ್’ ಅವನ ನಾಲಗೆಯ ಮೇಲೆ ‘ಹಾವ್’ ಆಗುತ್ತಿತ್ತು. ನಮ್ಮ ಭಾಷೆಯಲ್ಲಿ ಹಾಗೆಂದರೇನು ಎಂದು ನಾನು ಕೊನೆತನಕ ಅವನಿಗೆ ಹೇಳಲಿಲ್ಲ. ನಾವಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವನ ಇಂಗ್ಲಿಷನ್ನು ಇದ್ದ ಹಾಗೆ ಬರೆದರೆ ನನ್ನದನ್ನೂ ಇದ್ದ ಹಾಗೆ ಬರೆಯಬೇಕಾಗುತ್ತದೆ. ಅದು ಬೇಡ, ಕನ್ನಡದಲ್ಲೇ ಹೇಳುತ್ತೇನೆ.

ಅವನು ಬಂದ ಮೊದಲ ಭಾನುವಾರ ಬೆಳಿಗ್ಗೆ ಏಳೂವರೆಗೆ ಹಾಲ್‌ನಲ್ಲಿ ನಾಯಿಮರಿಯೊಂದು ಕುಂಯ್‌ಗುಟ್ಟಿತು. ಸ್ವಲ್ಪ ಹೊತ್ತಿಗೆ ಅದು ನಕ್ಕಿತು. ಆಮೇಲೆ ಯಾರನ್ನೋ ಏನೋ ಕೇಳಿತು. ಅಯ್ಯೋ ದೇವರೇ, ಇದೆಂಥ ಪ್ರಾಣಿ ತಂದಿಟ್ಟುಕೊಂಡಿದ್ದಾನೆ ಇವನು ಎಂದು ನಾನು ಲುಂಗಿ ಬಿಗಿದುಕೊಂಡು ಹೊರಗೆ ಬಂದೆ. ಅಭ್ಯಾಸಬಲ ನೋಡಿ, ಕೈಯಲ್ಲಿ ಎಣ್ಣೆಯ ಡಬ್ಬಿಯೂ ಇತ್ತು.

ವಾಲ್ದಿರ್ ಕುರ್ಚಿಯಲ್ಲಿ ಕುಳಿತು ತೊಡೆಯ ಮೇಲೊಂದು ಡೋಲು ಇಟ್ಟುಕೊಂಡಿದ್ದ. ಅಕ್ಕಿ ಅಳೆಯುವ ಸೇರನ್ನು ನಾಲ್ಕು ಪಾಲು ದೊಡ್ಡದು ಮಾಡಿ ತಳ ತೆಗೆದರೆ ಹೇಗಿರುತ್ತದೋ ಹಾಗೆ. ಒಂದು ಕಡೆ ಚರ್ಮ, ಇನ್ನೊಂದು ಕಡೆ ಬಾಯಿ ತೆರೆದಿದೆ. ಆಶ್ಚರ್ಯವೆಂದರೆ ಅವನು ಅದನ್ನು ಬಡಿಯುತ್ತಿರಲಿಲ್ಲ. ಒಂದು ಕೈ ಪೂರ್ತಿ ಡೋಲಿನ ಹೊಟ್ಟೆಯೊಳಗೆ ಹೋಗಿತ್ತು. ಒಳಗೆ, ಚರ್ಮದ ನಟ್ಟನಡುವೆ ಒಂದು ಸಪೂರ ಬಿದಿರಿನ ಕಡ್ಡಿ ಕಟ್ಟಿರುತ್ತದೆ. ಒದ್ದೆ ಬಟ್ಟೆಯ ತುಂಡಿನಿಂದ ಆ ಕಡ್ಡಿಯನ್ನು ಹಿಡಿದು ಹಿಂದೆ ಮುಂದೆ ಎಳೆಯಬೇಕು. ಕಡ್ಡಿ ನಡುಗಿದರೆ ಚರ್ಮ ನಡುಗುತ್ತದೆ, ಚರ್ಮ ನಡುಗಿದರೆ ಡೋಲು ಅಳುತ್ತದೆ ಅಥವಾ ನಗುತ್ತದೆ. ಅಳು ಬೇಕೋ ನಗು ಬೇಕೋ ಎಂಬುದನ್ನು ಇನ್ನೊಂದು ಕೈಯ ಬೆರಳು ತೀರ್ಮಾನಿಸುತ್ತದೆ. ಹೊರಗಿನಿಂದ ಚರ್ಮವನ್ನು ಒತ್ತಿದರೆ ಸ್ವರ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಇದಕ್ಕೆ ಕುಯಿಕಾ ಎಂದು ಹೆಸರು. ಮದುವೆಯಾದ ಮೇಲೆ ಹೆಂಡತಿಗೆ ಇದನ್ನೆಲ್ಲ ವರ್ಣಿಸಿದಾಗ ಅವಳು, “ಅದೇನ್ ಮಹಾ, ನಮ್ಮ ಕಡೆ ಉರುಮೆನೂ ಕೋಲಲ್ಲಿ ಉಜ್ಜೇ ನುಡಿಸ್ತಾರೆ,” ಎಂದು ಒಂದೇ ಮಾತಿನಲ್ಲಿ ಬ್ರೆಜಿಲ್ಲನ್ನು ಮೈಸೂರಿನ ಪಕ್ಕಕ್ಕೆ ತಂದಿಟ್ಟಳು.

ವಾಲ್ದಿರ್ ನನ್ನ ಎಣ್ಣೆ ಡಬ್ಬಿ ನೋಡಿ, “ಅದು ಯಾಕೆ?” ಎಂದ. ನಾನು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

“ಒಳ್ಳೆ ಟೈಮಿಗೆ ಬಂದೆ. ಸ್ವಲ್ಪ ಹಿಡ್ಕೊ,” ಎಂದು ಅವನು ನನ್ನ ಕೈಗೆ ಟೆಲಿಫೋನ್ ರಿಸೀವರ್ ಕೊಟ್ಟ. ಅವತ್ತಿನಿಂದ ಪ್ರತಿ ಭಾನುವಾರ ನನಗೆ ರಿಸೀವರ್ ಸ್ಟ್ಯಾಂಡಿನ ಉದ್ಯೋಗ ಖಾಯಂ ಆಯಿತು.

ಸಂಗತಿ ಇಷ್ಟು. ಅವನಿಗೊಬ್ಬಳು ಮಗಳು, ಲೂಸಿಯಾ, ನಾಲ್ಕು ವರ್ಷ. ಅವಳಿಗೆ ಎರಡು ತುಂಬುವ ಮೊದಲೇ ಇವನು ಹಡಗು ರಿಪೇರಿಯ ಊರುಗಳನ್ನು ಸುತ್ತಲು ಹೊರಟಿದ್ದ. ಮಗು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿತ್ತು. ಫೋನಿನಲ್ಲಿ ಬರುವ ಗಂಡಸಿನ ದನಿ ಅದಕ್ಕೆ ಗುರುತು ಸಿಗುತ್ತಿರಲಿಲ್ಲ. ಇವನು ‘ಮಗಳೇ’ ಎಂದರೆ ಸಾಕು, ಮೇಜಿನ ಕೆಳಗೆ ಹೋಗಿ ಅಡಗಿಕೊಳ್ಳುತ್ತಿತ್ತಂತೆ. ಆದರೆ ತೊಟ್ಟಿಲಲ್ಲಿದ್ದಾಗ ಅಪ್ಪ ಮಲಗಿಸಲು ನುಡಿಸುತ್ತಿದ್ದ ಕುಯಿಕಾ ಅದಕ್ಕೆ ನೆನಪಿತ್ತು. ನಾವಿಲ್ಲಿ ಭಾನುವಾರ ಬೆಳಿಗ್ಗೆ ಏಳುವಾಗ ಅಲ್ಲಿ ಶನಿವಾರ, ಮಗು ಮಲಗುವ ಹೊತ್ತು. ಡೋಲು ಕುಂಯ್ ಎಂದರೆ ಮಗು ಮೇಜಿನ ಕೆಳಗಿಂದ ಬಂದು ಫೋನು ಹಿಡಿದು ತಾನೂ ಕುಂಯ್ ಎನ್ನುತ್ತಿತ್ತು. ಇವನು ಡೋಲಿನಲ್ಲೇ ಪ್ರಶ್ನೆ ಕೇಳುತ್ತಿದ್ದ, ಅವಳು ನಕ್ಕು ಉತ್ತರಿಸುತ್ತಿದ್ದಳು. ಬಾಯಿಬಿಟ್ಟು ಮಾತಾಡಿದರೆ ಎಲ್ಲಿ ಓಡಿಹೋಗುತ್ತಾಳೋ ಎಂದು ಅವನು ತುಟಿ ಬಿಚ್ಚುತ್ತಿರಲಿಲ್ಲ. ಆ ದೊಡ್ಡ ಮನುಷ್ಯ ತುಟಿ ಬಿಗಿಹಿಡಿದು, ಡೋಲಿನೊಳಗೆ ಕೈಯಿಟ್ಟು ಬೆವರುತ್ತಿದ್ದರೆ ನಾನು ರಿಸೀವರನ್ನು ಡೋಲಿನ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿಯುತ್ತಿದ್ದೆ.

ಇನ್ನು ನನ್ನ ಪ್ರತಾಪ. ಆ ವರ್ಷ ನರಕ ಚತುರ್ದಶಿ ಭಾನುವಾರವೇ ಬಂತು. ಹಿಂದಿನ ಸಂಜೆ ಊರಿನಲ್ಲಾದರೆ ಬಚ್ಚಲಿನ ಹಂಡೆ ತಿಕ್ಕಿ, ಅದರ ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ ನೀರು ತುಂಬುತ್ತೇವೆ. ಇಲ್ಲಿ ನಾನು ಕೆಂಪು ಪ್ಲಾಸ್ಟಿಕ್ ಬಕೆಟ್ಟಿಗೆ ಲಿಟ್ಲ್ ಇಂಡಿಯಾದಿಂದ ತಂದ ಮಲ್ಲಿಗೆ ಮಾಲೆ ಸುತ್ತಿದೆ.

ವಾಲ್ದಿರ್ ಬಾಗಿಲಿಗೊರಗಿ ನೋಡುತ್ತಿದ್ದ. “ಹಾವ್, ಇವತ್ತು ಬಕೆಟ್‌ದು ಬರ್ತ್‌ಡೇನಾ?”

“ಹೌದು, ನಾಳೆ ಬೆಳಿಗ್ಗೆ ಕೇಕು,” ಎಂದೆ.

ಅವನು ನಕ್ಕ. ಆದರೆ ಮನಸ್ಸು ಬೇರೆಲ್ಲೋ ಇತ್ತು. ಹಿಂದಿನ ಭಾನುವಾರ ಎಷ್ಟು ಒದ್ದಾಡಿದರೂ ಲೈನು ಸಿಕ್ಕಿರಲಿಲ್ಲ. “ಎರಡು ವಾರ ಆಯ್ತು. ಮಕ್ಕಳು ಬೇಗ ಮರೀತಾರೆ, ಅಲ್ವಾ?” ಎಂದು ಕೇಳಿದ. ಮದುವೆಯಾಗದ ನನಗೇನು ಗೊತ್ತು? “ಇಲ್ಲಪ್ಪ, ಮರೆಯಲ್ಲ,” ಎಂದೆ.

ಸೂರ್ಯ ಹುಟ್ಟುವ ಮೊದಲು ಎಣ್ಣೆಸ್ನಾನ ಆಗಬೇಕೆನ್ನುವುದು ನಿಯಮ. ಸಿಂಗಾಪುರದ ಸೂರ್ಯ ನಮ್ಮಂಥ ಸೋಮಾರಿಗಳಿಗೆ ಅನುಕೂಲದವನು, ಏಳು ಗಂಟೆಯ ಆಸುಪಾಸಿಗೆ ಏಳುತ್ತಾನೆ. ನಾನು ಆರಕ್ಕೆ ಎದ್ದು ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಲೆಗೆ ಮೈಗೆ ಸುರಿದುಕೊಂಡೆ. ಬಟ್ಟಲಲ್ಲಿ ಇನ್ನೂ ಸ್ವಲ್ಪ ಉಳಿಯಿತು. ನಮ್ಮ ಮನೆಯಲ್ಲಿ ಆ ದಿನ ಉಳಿದ ಎಣ್ಣೆಯನ್ನು ಎತ್ತಿಡುವಂತಿರಲಿಲ್ಲ. ಅಪ್ಪ ಬಟ್ಟಲು ಹಿಡಿದು ಹೊರಟರೆ ಬಾಗಿಲಿನ ತಿರುಗಣಿ, ಅಮ್ಮನ ಹೊಲಿಗೆ ಮಿಶನ್ನು, ಅಂಗಡಿಯ ಬಾಡಿಗೆ ಸೈಕಲ್ಲು, ಎಲ್ಲಕ್ಕೂ ಒಂದೊಂದು ಹನಿ. “ದುಡಿಯುವವಕ್ಕೆಲ್ಲ ಹಬ್ಬ ಬೇಡವಾ?” ಎನ್ನುತ್ತಿದ್ದರು.

ನಾನೂ ಬಟ್ಟಲು ಹಿಡಿದು ಹೊರಟೆ. ಬಾಗಿಲುಗಳಾದವು, ಫ್ಯಾನಾಯಿತು, ಕಬ್ಬಿಣದ ಗೇಟಾಯಿತು. ಹಾಲ್‌ನ ಮೂಲೆಯಲ್ಲಿ ಕುಯಿಕಾ ಕೂತಿತ್ತು. ಪಾಪ, ಈ ಮನೆಯಲ್ಲಿ ಇದಕ್ಕಿಂತ ಹೆಚ್ಚು ದುಡಿಯುವವರು ಯಾರು? ಕಡ್ಡಿಯೋ ನೀರು ಕುಡಿದು ಒಣಗಿ, ನೀರು ಕುಡಿದು ಒಣಗಿ ಬಿಳುಚಿಕೊಂಡಿತ್ತು. ಒಂದು ಹನಿಯಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ. ಬುಡದಿಂದ ತುದಿಯವರೆಗೆ ಮೂರು ಸಲ ನೀವಿದೆ. ಚರ್ಮಕ್ಕೂ ಹಚ್ಚುವವನಿದ್ದೆ, ಎಣ್ಣೆ ಮುಗಿಯಿತು. ದೇವರು ದೊಡ್ಡವನು.

ಬೇರಿಂಗ್ ರಿಪೇರಿಯವನಿಗೆ ಘರ್ಷಣೆ ಅಂದರೇನೆಂದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು ಸ್ವಾಮಿ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೆ ಹಬ್ಬದ ಬೆಳಿಗ್ಗೆ ನೆತ್ತಿಗೆ ಬಿಸಿ ಎಣ್ಣೆ ಬಿದ್ದರೆ ನನ್ನ ಬುದ್ಧಿ ಉಡುಪಿಯ ಸೈಕಲ್ ಅಂಗಡಿಗೆ ಹೋಗಿ ಕೂತುಬಿಡುತ್ತದೆ.

ಏಳು ಗಂಟೆಗೆ ವಾಲ್ದಿರ್ ಎದ್ದ. ಎಣ್ಣೆ ನೆನೆಯಲಿ ಎಂದು ನಾನು ಇನ್ನೂ ಹಳೆಯ ಟವೆಲ್ ಉಟ್ಟು ಕುಳಿತಿದ್ದೆ. ಅವನು ಬಟ್ಟೆ ಒದ್ದೆ ಮಾಡಿಕೊಂಡು ಬಂದು, ಡೋಲು ತೊಡೆಗೇರಿಸಿ, ಒಳಗೆ ಕೈ ಹಾಕಿ ಎಳೆದ. ಸುಯ್. ಮತ್ತೆ ಎಳೆದ. ಸುಯ್. ಚರ್ಮ ಒತ್ತಿದ, ಬಿಟ್ಟ, ಬಟ್ಟೆ ಹಿಂಡಿದ, ಮತ್ತೆ ಎಳೆದ. ಕುಯಿಕಾ ಸತ್ತುಹೋಗಿತ್ತು.

ಅವನು ಕೈ ಹೊರತೆಗೆದು ಮೂಸಿ ನೋಡಿದ. ಆಮೇಲೆ ನನ್ನ ತಲೆ ನೋಡಿದ.

“ಹಾವ್, ಏನು ಮಾಡಿದೆ?”

“ಹಬ್ಬ... ಎಣ್ಣೆ... ದುಡಿಯುವವಕ್ಕೆ...” ಎಂದು ನಾನು ತೊದಲಿದೆ.

ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತ, ಅಷ್ಟೆ. “ಅವಳು ನನ್ನ ಜೊತೆ ಮಾತಾಡಲ್ಲ. ಇದರ ಜೊತೆ ಮಾತ್ರ ಮಾತಾಡ್ತಾಳೆ,” ಎಂದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪಾತ್ರೆ ಸೋಪು ತಂದೆ, ಉಜ್ಜಿದೆವು. ನೊರೆ ಬಂತು, ಜಾರಿಕೆ ಹೋಗಲಿಲ್ಲ. ಬಿದಿರು ಒಳಗೊಳಗೇ ಎಣ್ಣೆ ಕುಡಿದು ಕೂತಿತ್ತು. ಗಡಿಯಾರ ಏಳೂ ಇಪ್ಪತ್ತು ತೋರಿಸುತ್ತಿತ್ತು.

ಆಗ ನನ್ನ ಕಣ್ಣು ಬಚ್ಚಲಿನ ಕಿಟಕಿಯ ಮೇಲಿದ್ದ ಪೊಟ್ಟಣಕ್ಕೆ ಬಿತ್ತು. ಹಬ್ಬಕ್ಕೆಂದು ಅಮ್ಮ ಕುಟ್ಟಿ, ಜರಡಿ ಹಿಡಿದು, ಊರಿಂದ ಬರುವವರ ಕೈಯಲ್ಲಿ ಕಳುಹಿಸಿದ್ದ ಸೀಗೆಪುಡಿ. ಒಂದೇ ಒಂದು ಪೊಟ್ಟಣ, ಒಂದು ತಲೆಗೆ ಆಗುವಷ್ಟು.

“ವಾಲ್ದಿರ್, ಎತ್ತಿ ಹಿಡಿ! ಚರ್ಮ ಮೇಲೆ, ಬಾಯಿ ಕೆಳಗೆ. ಚರ್ಮಕ್ಕೆ ನೀರು ತಾಗಬಾರದು.”

“ಇದೇನು ಮಣ್ಣು?”

“ನಮ್ಮಮ್ಮ. ಹಿಡಿ ಸುಮ್ನೆ!”

ಅವನು ಬಚ್ಚಲಲ್ಲಿ ಡೋಲು ಎತ್ತಿ ಹಿಡಿದು ನಿಂತ. ನಾನು ಮಾಲೆ ಸುತ್ತಿದ ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಸೀಗೆಪುಡಿ ಕಲಸಿ, ಬಟ್ಟೆಗೆ ಮೆತ್ತಿ, ಒಳಗೆ ಕೈ ತೂರಿಸಿ ಕಡ್ಡಿ ತಿಕ್ಕಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎಳೆದೆ. ಜಾರಿತು. ಇನ್ನೊಂದು ಸುತ್ತು. ಸೀಗೆ ತೋಳಿನಗುಂಟ ಇಳಿದು ಕಣ್ಣಿಗೂ ಹಾರಿತು. ಎಷ್ಟೋ ವರ್ಷಗಳ ಮೇಲೆ ಆ ಉರಿ. ಇನ್ನೊಂದು ಸುತ್ತು. ಪೊಟ್ಟಣದ ತಳ ಕೊಡವಿದೆ. ಕಣ್ಣು ಮುಚ್ಚಿಕೊಂಡೇ ಹೆಬ್ಬೆರಳು ತೋರುಬೆರಳಿನ ನಡುವೆ ಕಡ್ಡಿಯನ್ನು ಬುಡದಿಂದ ತುದಿಗೆ ಎಳೆದೆ, ಅಮ್ಮ ಎಳೆಯುತ್ತಿದ್ದ ಹಾಗೆ.

ಕಿರ್.

ಬಚ್ಚಲು ಗುಂಯ್ ಎಂದಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಅಷ್ಟರಲ್ಲಿ ಏಳೂ ನಲವತ್ತಾಗಿತ್ತು. ಮಗು ನಿದ್ದೆ ಹೋದರೆ ಕಥೆ ಮುಗಿಯಿತು. ಕೈ ತೊಳೆಯಲೂ ಪುರುಸೊತ್ತಿಲ್ಲದೆ ಹಾಲ್‌ಗೆ ಓಡಿದೆವು. ವಾಲ್ದಿರ್ ಫೋನ್ ಕಾರ್ಡಿನ ಉದ್ದುದ್ದ ನಂಬರು ಒತ್ತಿದ. ಲೈನು ಸಿಕ್ಕಿತು. ಅಜ್ಜಿ ಎತ್ತಿಕೊಂಡು, ಮಗು ಮೇಜಿನ ಕೆಳಗಿದೆ, ಬೇಗ ನುಡಿಸು ಎಂದರಂತೆ. ಡೋಲು ನನ್ನ ತೊಡೆಯ ಮೇಲಿತ್ತು, ಬಟ್ಟೆ ನನ್ನ ಕೈಯಲ್ಲಿತ್ತು, ರಿಸೀವರು ಅವನ ಕೈಯಲ್ಲಿತ್ತು. ಅದಲುಬದಲು ಮಾಡಿಕೊಳ್ಳಲು ಸಮಯವಿರಲಿಲ್ಲ. ಅವನು ‘ಎಳಿ’ ಎಂದು ಕಣ್ಣಲ್ಲೇ ಹೇಳಿ, ರಿಸೀವರನ್ನು ಡೋಲಿನ ಬಾಯಿಗೆ ಹಿಡಿದು, ಇನ್ನೊಂದು ಕೈಯ ಬೆರಳನ್ನು ಚರ್ಮದ ಮೇಲಿಟ್ಟ. ನಾನು ಎಳೆದೆ.

ಅದನ್ನು ಸಂಗೀತವೆಂದು ಯಾರೂ ಕರೆಯಲಾರರು. ಅಪ್ಪ ಕೇಳಿದ್ದರೆ ಉಡುಪಿಯಿಂದ ಎಣ್ಣೆ ಹಿಡಿದು ಬರುತ್ತಿದ್ದರು. ಎಮ್ಮೆ ಕೆಮ್ಮಿದಂತೆ ಒಂದು ಸಲ, ಗೇಟು ಮುರಿದಂತೆ ಇನ್ನೊಂದು ಸಲ. ಆ ಕಡೆಯಿಂದ ಕುಂಯ್ ಇಲ್ಲ. ಮತ್ತೆ ಎಳೆದೆ. ಆಗಲೂ ಇಲ್ಲ. ವಾಲ್ದಿರನ ಮುಖ ಬಾಡಿತು.

ಆಮೇಲೆ ರಿಸೀವರಿನಿಂದ ಪುಟ್ಟ ದನಿಯೊಂದು ಖಡಾಖಂಡಿತವಾಗಿ ಏನೋ ಹೇಳಿತು. ಭಾಷೆ ತಿಳಿಯದ ನನಗೂ ಅದು ಬೈಗುಳವೆಂದು ಗೊತ್ತಾಯಿತು. ವಾಲ್ದಿರ್ ಕಲ್ಲಾಗಿ ನಿಂತ. ದನಿ ಇನ್ನೊಮ್ಮೆ ಬಂತು, ಇನ್ನೂ ಜೋರಾಗಿ, ಕೊನೆಯಲ್ಲಿ ‘ಪಪಾಯ್’ ಎಂದು.

ಪಪಾಯ್ ಅಂದರೆ ಅವರಲ್ಲಿ ಅಪ್ಪ. ಅವಳು ಹೇಳಿದ್ದನ್ನು ಅವನು ಆಮೇಲೆ ನನಗೆ ಬಿಡಿಸಿ ಹೇಳಿದ. “ಇದು ಪಪಾಯ್ ಅಲ್ಲ. ಇದು ಯಾರೋ ಕೆಟ್ಟದಾಗಿ ನುಡಿಸ್ತಿದ್ದಾರೆ. ಪಪಾಯ್ ಎಲ್ಲಿ? ಪಪಾಯ್ ಬರಲಿ!”

ಅವನು ರಿಸೀವರನ್ನು ಕಿವಿಗೆ ಒತ್ತಿಕೊಂಡು, ಗೋಡೆಯ ಕಡೆ ತಿರುಗಿ, ಮೆಲ್ಲಗೆ ಎರಡು ಮಾತು ಹೇಳಿದ. ಇಲ್ಲಿದ್ದೀನಿ, ಇಲ್ಲೇ ಇದ್ದೀನಿ ಅಂತಲೇ ಇರಬೇಕು. ಮಗು ಓಡಿಹೋಗಲಿಲ್ಲ. ಏನೋ ಕೇಳಿತು. ಅವನು ಉತ್ತರ ಹೇಳಿದ. ಅದು ನಕ್ಕಿತು, ಮತ್ತೇನೋ ಕೇಳಿತು. ನಡುವೆ ‘ಹಾವ್’ ಎನ್ನುವುದು ಒಂದೆರಡು ಸಲ ಕಿವಿಗೆ ಬಿತ್ತು, ನನ್ನ ಮಾನ ಹೋಗುತ್ತಿತ್ತು ಎಂದು ಕಾಣುತ್ತದೆ. ಕಾರ್ಡು ಮುಗಿಯುವವರೆಗೂ ಅವರಿಬ್ಬರೂ ಮಾತಾಡಿದರು. ಅಷ್ಟು ದೊಡ್ಡ ಬೆನ್ನು ಅಷ್ಟೊಂದು ಅಲುಗುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ. ನನಗೂ ಅಳು ಬಂತು. ಸೀಗೆ ಹಾರಿತ್ತಲ್ಲ, ಯಾರೂ ಕಾರಣ ಕೇಳುವಂತಿರಲಿಲ್ಲ.

ಮರುವರ್ಷ ಕಾಂಟ್ರಾಕ್ಟ್ ಮುಗಿದು ವಾಲ್ದಿರ್ ಮಗಳ ಹತ್ತಿರ ಹೋದ. ಕುಯಿಕಾವನ್ನೂ ಒಯ್ದ. ಹೊರಡುವ ದಿನ ಅದರೊಳಗೆ ಮೂಗಿಟ್ಟು ನೋಡಿದೆ, ಇನ್ನೂ ನಮ್ಮ ಬಚ್ಚಲಿನ ವಾಸನೆ ಬರುತ್ತಿತ್ತು. ಒಂದೆರಡು ವರ್ಷ ಹೊಸ ವರ್ಷಕ್ಕೆ ಕಾರ್ಡು ಬಂತು, ನಾನೂ ಹಾಕಿದೆ. ಆಮೇಲೆ ಅವನೂ ಮನೆ ಬದಲಿಸಿದ, ನಾನೂ ಬದಲಿಸಿದೆ. ಆ ಲೂಸಿಯಾ ಈಗ ಎಷ್ಟೆತ್ತರ ಬೆಳೆದಿದ್ದಾಳೋ.

ಆ ಬೆಳಿಗ್ಗೆಯ ಬಾಬತ್ತು ಇನ್ನೊಂದು ಉಳಿದಿದೆ. ಒಂಬತ್ತು ಗಂಟೆಗೆ ಫೋನು ಬಡಿದುಕೊಂಡಿತು. ಉಡುಪಿಯ ಅಣ್ಣನ ಮನೆಯಿಂದ ಅಮ್ಮ. ಮನೆಯವರಿಗೆಲ್ಲ ಎಣ್ಣೆ ನೀರು ಮುಗಿಸಿ, ಉಳಿದ ಒಬ್ಬನನ್ನು ವಿಚಾರಿಸಿಕೊಳ್ಳಲು ಮಾಡಿದ್ದಳು. ನಾನಿನ್ನೂ ಟವೆಲ್ಲಿನಲ್ಲೇ ಇದ್ದೆ. ಪೊಟ್ಟಣ ಖಾಲಿಯಾಗಿತ್ತು. ನನ್ನ ತಲೆಯ ಎಣ್ಣೆ ಕಿವಿಯ ಹಿಂದಿನಿಂದ ಇಳಿದು ರಿಸೀವರಿನ ಮೇಲೆ ಹನಿಯುತ್ತಿತ್ತು.

“ಸ್ನಾನ ಆಯ್ತಾ ಮಗಾ?”

“ಆಯ್ತಮ್ಮ.”

“ಸೀಗೆಪುಡಿ ಸಾಕಾಯ್ತಾ?”

“ಸರೀ ಸಾಕಾಯ್ತು.”

“ಎಣ್ಣೆ ಪೂರ ಹೋಯ್ತಾ? ಎಳೆದು ನೋಡಿದ್ಯಾ? ಕಿರ್ ಅಂತಾ?”

ಈಗ ಆ ಪ್ರಶ್ನೆ ಕೇಳುವವರು ಯಾರೂ ಇಲ್ಲ. ಅದಕ್ಕೇ ದಿನಾ ರಾತ್ರಿ ತಟ್ಟೆಗಳನ್ನು ನಾನೇ ಕೇಳುತ್ತೇನೆ. ಅವತ್ತು ಮಾತ್ರ ಕೇಳುವವಳು ಆ ತುದಿಯಲ್ಲಿದ್ದಳು, ನನ್ನ ಹತ್ತಿರ ಉತ್ತರವೂ ಇತ್ತು.

“ಅಂತು ಅಮ್ಮಾ,” ಎಂದೆ. “ಬ್ರೆಜಿಲ್‌ವರೆಗೂ ಕೇಳಿಸಿತು.”

“ಎಂತದೋ ನಿನ್ನ ಹುಚ್ಚು,” ಎಂದಳು ಅಮ್ಮ. “ತಲೆ ಸರಿಯಾಗಿ ಒರೆಸಿಕೋ. ಶೀತ ಆದೀತು.”